ಮೋತ್ಯಾನ ಮುಂಗಾಲು

ಕಮತಗಿಯ ನೇಕಾರರ ಓಣಿಯಲ್ಲಿ ಬಾಳವ್ವ ಲಾಳಿಗೆಂದು ನೂಲು ಸುತ್ತಿದ ಕಂಡಿಕೆಗೆ ಹೆಸರಿತ್ತು. ಅವಳ ಕೈಯ ನೂಲು ಲಾಳಿಯೊಳಗೆ ಎಂದೂ ಸಿಕ್ಕಾಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳದು ಕಂಡಿಕೆ, ಗಂಡ ಚಂದ್ರಶೇಖರಪ್ಪನದು ಮಗ್ಗ. ಮಕ್ಕಳಿರಲಿಲ್ಲ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವನು ಸೀರೆ ನೇಯುತ್ತಿದ್ದರೆ, ಕುಣಿಯ ಅಂಚಿಗೆ ಮೋತ್ಯಾ ಎಂಬ ನಾಯಿ ಮಲಗಿರುತ್ತಿತ್ತು. ಮಗ್ಗ ನಿಂತೊಡನೆ ಕುಣಿಯೊಳಗೆ ತಲೆ ಇಳಿಸಿ ಅವನ ಪಾದ ನೆಕ್ಕುತ್ತಿತ್ತು.

"ಸಾಕು ಬಿಡಲೇ, ಕಾಲು ಸವದು ಹೋಗ್ತಾವ" ಎಂದು ಬೈಯುತ್ತಿದ್ದ. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳುತ್ತಿರಲಿಲ್ಲ.

೧೯೭೯ರ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಬಾಳವ್ವ ಕುಣಿಯ ಮೇಲೆ ಹಲಗೆ ಮುಚ್ಚಿದಳು. ಆ ಕಡೆ ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಅದೇ ದಿನಗಳಲ್ಲಿ ಮೋತ್ಯಾ ತನ್ನ ಮುಂಗಾಲನ್ನು ನೆಕ್ಕತೊಡಗಿತು. ಕೂದಲು ಹೋಗಿ ಚರ್ಮ ಕೆಂಪಾದರೂ ನಿಲ್ಲಿಸಲಿಲ್ಲ.

ಓಣಿಯುದ್ದಕ್ಕೂ ಹಾಸಿದ ನೂಲಿಗೆ ಬಿಗಿ ಬರಲೆಂದು ಜೋಳದ ಗಂಜಿ ಹಚ್ಚುವಾಗ ಸಿಡಿದು ಕಾಲಿಗೆ ಅಂಟಿದೆ, ಆ ರುಚಿಗೆ ನೆಕ್ಕುತ್ತಿದೆ ಎಂದುಕೊಂಡಳು ಬಾಳವ್ವ. ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು. ಬೇವಿನೆಣ್ಣೆ ಹಚ್ಚಿದಳು. ಅದಕ್ಕೂ ಜಗ್ಗದಿದ್ದಾಗ ಕಟ್ಟಿಗೆಯಿಂದ ಹೊಡೆದಳು. ಹುಣ್ಣು ಮತ್ತಷ್ಟು ಹರಡಿತು.

"ಗಂಜಿ ರುಚಿಗೆ ಹಿಂಗ ನೆಕ್ಕಿದ್ರ ಓಣ್ಯಾಗಿನ ನಾಯಿಗೋಳಾಗ ಒಂದಕ್ಕೂ ಕಾಲ ಇರ್ತಿದ್ದಿಲ್ಲ ಬಾಳಕ್ಕ" ಎಂದಳು ನೆರೆಮನೆಯ ದುರ್ಗವ್ವ. "ದನದ ದವಾಖಾನಿಗೆ ಕರಕೊಂಡು ಹೋಗು."

ದವಾಖಾನೆಯಲ್ಲಿ ಡಾಕ್ಟರು ಬೆರಳುಗಳ ಸಂದಿಯನ್ನೆಲ್ಲ ಬಿಡಿಸಿ ನೋಡಿದರು.

"ಮುಳ್ಳಿಲ್ಲ, ಉಣ್ಣಿ ಇಲ್ಲ. ಯಾವಾಗಿಂದ ನೆಕ್ಕಾಕತ್ತೈತಿ ಯವ್ವಾ?"

"ನಮ್ಮ ಮನಿಯವರು ಹೋದಾಗಿಂದ್ರಿ."

ಡಾಕ್ಟರು ಗಾಯ ತೊಳೆದು ಬಟ್ಟೆ ಕಟ್ಟಿದರು. "ಮನಸ್ಸಿಗೆ ಹಚ್ಚಿಕೊಂಡ್ರೂ ಹಿಂಗ ನೆಕ್ಕತಾವ. ನೆಕ್ಕಿದಂಗ ಹುಣ್ಣಾಗತೈತಿ, ಹುಣ್ಣು ಕಡದಂಗ ಮತ್ತ ನೆಕ್ಕತೈತಿ. ಹೊಡೀಬ್ಯಾಡ. ಮೊದಲ ಹೆಂಗಿತ್ತೋ ಹಂಗ ಇರಾಕ ಬಿಡು."

ಹೊಡೆದದ್ದು ಅವರಿಗೆ ಹೇಗೆ ತಿಳಿಯಿತೋ. ಬಾಳವ್ವ ತಲೆ ತಗ್ಗಿಸಿಕೊಂಡೇ ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಹಲಗೆ ಸರಿಸಿ, ತಾನು ಎಂದೂ ಕೂರದ ಮಗ್ಗಕ್ಕೆ ಕೂತು ಕುಣಿಯೊಳಗೆ ಕಾಲು ಬಿಟ್ಟಳು. ಲಾಳಿ ಕೈತಪ್ಪಿ ಬಿತ್ತು. ಎಳೆ ಹರಿಯಿತು. ಮತ್ತೆ ಕೂಡಿಸಿ ತುಳಿದಾಗ, ತಡೆತಡೆದು, ಆ ಹಳೆಯ ಸದ್ದು ಎದ್ದಿತು.

ಅಂಗಳದಲ್ಲಿದ್ದ ಮೋತ್ಯಾ ಕುಂಟುತ್ತ ಓಡಿ ಬಂತು. ಬಾಲ ಬಡಿಯುತ್ತಿತ್ತು. ಕುಣಿಯೊಳಗೆ ತಲೆ ಇಳಿಸಿ ಒಂದು ಪಾದ ಮೂಸಿತು, ಇನ್ನೊಂದನ್ನೂ ಮೂಸಿತು. ಬಾಲ ನಿಂತಿತು. ಗೋಡೆಯ ಬದಿಗೆ ಹೋಗಿ ಮಲಗಿ, ಕಟ್ಟಿದ್ದ ಬಟ್ಟೆಯನ್ನು ಹಲ್ಲಿನಿಂದ ಹರಿದು ಮತ್ತೆ ಹುಣ್ಣು ನೆಕ್ಕತೊಡಗಿತು.

"ನನಗೂ ಗೊತ್ತೈತೋ ಮೋತ್ಯಾ" ಎಂದಳು ಬಾಳವ್ವ. "ಇವು ಅವರ ಕಾಲಲ್ಲ."

ಎದ್ದು ಬಂದು ಅದರ ಪಕ್ಕಕ್ಕೆ ಕೂತು, ಹುಣ್ಣಿನ ಮೇಲೆ ಅಂಗೈ ಮುಚ್ಚಿದಳು. ಮೋತ್ಯಾ ನೆಕ್ಕುವುದನ್ನು ನಿಲ್ಲಿಸಲಿಲ್ಲ. ಅವಳ ಕೈಯನ್ನೇ ನೆಕ್ಕಿತು. ಬಾಳವ್ವ ಕೈ ತೆಗೆಯಲಿಲ್ಲ.