ಬಸವಂತಪ್ಪನ ಕೈ

ಬಸವಂತಪ್ಪನ ಕೈ ಬಾಯಿಗಿಂತ ಮುಂದು. ಇಂಡಿ ಕಡೆಯಿಂದ ಕುರ್ಲಾಕ್ಕೆ ಬಂದು ಪೆಟ್ರೋಲ್ ಪಂಪಿನಲ್ಲಿ ಪೈಪು ಹಿಡಿದವನು ಅಲ್ಲೇ ಕೂದಲು ಹಣ್ಣಾಗಿಸಿಕೊಂಡ. ಪಂಪಿನಲ್ಲಿ ಬೀಡಿ ಹಚ್ಚಿದವನಿಗೆ ಮೊದಲು ಕಪಾಳಕ್ಕೆ ಬೀಳುತ್ತಿತ್ತು, ಬುದ್ಧಿಮಾತು ಆಮೇಲೆ. ಜೊತೆಗಾರನೊಬ್ಬ ಕಣ್ಣೆದುರೇ ಉರಿದು ಸತ್ತದ್ದನ್ನು ನೋಡಿದವನು ಅವನು. ಚಾಳಿನ ನಮಗೆ ಅದೆಲ್ಲ ಯಾಕೆ ಬೇಕು? ನಮ್ಮ ಪಾಲಿಗೆ ಅವನೊಬ್ಬ ಜಗಳಗಂಟ, ಅಷ್ಟೇ.

ಪಂಪಿನ ಬೆನ್ನಿಗೇ ನಮ್ಮ ಚಾಳು, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು. ಪೆಟ್ರೋಲ್ ವಾಸನೆಯಲ್ಲೇ ಉಂಡು ಮಲಗುವವರು ನಾವು. ಹೋದ ವರ್ಷ ಒಂದು ಬೆಳಿಗ್ಗೆ, ನೆಲದಡಿಯ ಟ್ಯಾಂಕು ಸೋರುತ್ತಿದೆ, ಪಂಪು ಬಂದ್ ಮಾಡಿ ಎಂದು ಬಸವಂತಪ್ಪ ಮಾಲೀಕನಿಗೆ ಹೇಳಿದ. ನಾಳೆ ನೋಡೋಣ ಎಂದನಂತೆ ಆ ಮಹಾರಾಯ. ಅವನ ಬಾಯಿಗೆ ಮಣ್ಣು ಬೀಳಲಿ. ಸಂಜೆಯ ಹೊತ್ತಿಗೆ ಪೆಟ್ರೋಲ್ ಗಟಾರಕ್ಕಿಳಿದು ನಮ್ಮ ಮನೆಗಳ ಕೆಳಗೆ ಹರಿಯುತ್ತಿತ್ತು.

ಬಸವಂತಪ್ಪ ಮಾಲೀಕನನ್ನು ಆಚೆ ನೂಕಿ ಪಂಪಿನ ಕರೆಂಟು ತೆಗೆದ, ಫೈರ್ ಬ್ರಿಗೇಡಿಗೆ ಫೋನ್ ಮಾಡಿದ, ಚಾಳಿಗೆ ನುಗ್ಗಿದ. ದೀಪ ಹಚ್ಚುವ ಹೊತ್ತು. ಮೊದಲ ಮನೆ ಅವನದೇ. ವಾಸನೆ ತಡೆಯಲಾರದೆ ಅತ್ತೆ ಇಂದ್ರಾಬಾಯಿ ದೇವರ ಮುಂದೆ ಧೂಪ ಹಾಕಲು ಕುಳಿತಿದ್ದಳು. ಕೈಯಲ್ಲಿ ಬೆಂಕಿಕಡ್ಡಿ. ಬಾಗಿಲಿಂದಲೇ ಹಾರಿ ಆ ಕೈಗೆ ಬಾರಿಸಿದ. ಮುದುಕಿ ಹೊಸ್ತಿಲ ಮೇಲೆ ಬಿದ್ದಳು, ಮಣಿಕಟ್ಟು ಮುರಿಯಿತು.

ಹೆಂಡತಿಯ ತಮ್ಮ ಅನಿಲ ಕಂಡದ್ದು ಇಷ್ಟೇ: ಅಳಿಯ ಅತ್ತೆಯನ್ನು ಹೊಡೆದ, ಅದೂ ದೇವರ ಎದುರು. ಭಾವನ ಅಂಗಿ ಹಿಡಿದು ರಸ್ತೆಗೆ ಎಳೆದು, ಲಟ್ಟಣಿಗೆಯಿಂದ ಮುಖಕ್ಕೆ ಜಡಿದ. ಚಾಳಿನ ಇನ್ನಿಬ್ಬರು ಕೈಜೋಡಿಸಿದರು. ಹಲ್ಲು ಉದುರಿದವು. ಜೀವನವಿಡೀ ಕೈ ಎತ್ತಿದವನು ಅಂದು ಕೈ ಮುಗಿದ.

“ಗಟಾರದಾಗ ಪೆಟ್ರೋಲ್ ಹರಿಲಾಕತ್ತದ. ಹಿಂದಿನ ಓಣಿಗಿ ಹೇಳಿ ಬರ್ತೀನಿ, ಆಮ್ಯಾಲ ಎಷ್ಟ್ ಬೇಕಾದ್ರ ಹೊಡೀರಿ.”

ನೆಪ ಹೇಳುತ್ತಾನೆ ಎಂದು ಅನಿಲ ಎದೆಯ ಮೇಲೆ ಕುಳಿತ. ಇಂದ್ರಾಬಾಯಿಯನ್ನು ಹೆಂಗಸರು ಹೊರಗೆ ತಂದಿದ್ದರು. ತಮಾಷೆ ನೋಡಲು ನಮ್ಮ ಸಾಲಿನವರೆಲ್ಲ ಮನೆ ಬಿಟ್ಟು ರಸ್ತೆಗೆ ಬಂದಿದ್ದೆವು. ನಾಚಿಕೆಗೇಡು, ಆದರೆ ನಾವು ಬದುಕಿದ್ದು ಅದರಿಂದಲೇ.

ಹಿಂದಿನ ಓಣಿಯಲ್ಲಿ ಶೀತಲ ಎಂಬ ಹುಡುಗಿ ದೀಪ ಹಚ್ಚಿದಳು. ಗಟಾರ ಮುಚ್ಚಿದ್ದ ಕಲ್ಲುಗಳು ಮಾಡಿನ ಎತ್ತರಕ್ಕೆ ಹಾರಿದವು. ಬೆಂಕಿ ನೆಲದೊಳಗೇ ಓಡಿಬಂದು ನಮ್ಮ ಖಾಲಿ ಮನೆಗಳನ್ನೂ ಸೀಳಿತು. ಅನಿಲ ಎದ್ದು ಓಡಿದ. ಬಸವಂತಪ್ಪ ಬಾಯಿಯ ರಕ್ತ ಉಗುಳಿ, ಒದ್ದೆ ಗೋಣಿಚೀಲ ಹಿಡಿದು ಬೆಂಕಿಯತ್ತ ಹೋದ. ಉರಿಯುತ್ತಿದ್ದ ಹುಡುಗಿಯನ್ನು ತಬ್ಬಿ ಹೊರಗೆ ತಂದ. ಅವನ ಎರಡೂ ಕೈ ಸುಟ್ಟವು. ಶೀತಲ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅನಿಲ ಅಳುತ್ತ ಭಾವನ ಕಾಲು ಹಿಡಿದ. ಬಸವಂತಪ್ಪ ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬೈಯದೆ ಹೇಳಿದ:

“ನನ್ನ ಕಾಲ್ ಬಿಡು. ಹಿಂದಿನ ಓಣಿಗಿ ಹೋಗಿ ಶೀತಲನ ಅವ್ವನ ಕಾಲ್ ಹಿಡಿ.”

ಅನಿಲ ಇನ್ನೂ ಆ ಓಣಿಗೆ ಹೋಗಿಲ್ಲ.