ಎಡಗಣ್ಣಿನ ಮೊದಲ ಚಿತ್ರ

ಸ್ಪಿರಿಟ್ ವಾಸನೆಯ, ತಣ್ಣನೆಯ ಹೆಬ್ಬೆರಳು. ದೆಹಲಿಯ ಕಣ್ಣಾಸ್ಪತ್ರೆಯ ಆ ಸ್ಕ್ಯಾನಿಂಗ್ ಮೇಡಂ ನೆನಪಾದರೆ ಮೊದಲು ಅದೇ ಬಂದು ನನ್ನ ಎಡರೆಪ್ಪೆಯ ಮೇಲೆ ಕೂರುತ್ತದೆ. ರೆಪ್ಪೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೌಸ್ ಒತ್ತಿ, ಪರದೆ ನೋಡಿ ‘ಲೊಚ್’ ಎನ್ನುವರು. ಆ ಲೊಚ್ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಣ್ಣಿನ ಒತ್ತಡ ಏರಿಸುವ ಗ್ಲಾಕೋಮಾ ನನ್ನ ಎಡಗಣ್ಣನ್ನು ಸದ್ದಿಲ್ಲದೆ ತಿನ್ನುತ್ತಿತ್ತು. ಆಪರೇಷನ್ನಿಗೆ ಮೊದಲೊಮ್ಮೆ, ಆಮೇಲೊಮ್ಮೆ ಕಣ್ಣಿನೊಳಗಿನ ರಕ್ತನಾಳಗಳ ಚಿತ್ರ ತೆಗೆಸಲು ಡಾಕ್ಟರು ಬರೆದುಕೊಟ್ಟಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಗೊತ್ತಾಗುತ್ತದಂತೆ. ಸೂಜಿಯಿಲ್ಲ, ನೋವಿಲ್ಲ. ಯಂತ್ರದ ಪಟ್ಟಿಯ ಮೇಲೆ ಗದ್ದ ಊರಿ ಕೆಲವು ಸೆಕೆಂಡು ಹಸಿರು ಚುಕ್ಕೆ ನೋಡಿದರಾಯಿತು. ಅಷ್ಟೂ ನನ್ನಿಂದ ಆಗಲಿಲ್ಲ.

ಕಾರಣ ನನ್ನ ತಲೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದವನು ನಾನು. ಯಾರು ಏನು ಹೇಳಿದರೂ ತಲೆಯಾಡಿಸಿಯೇ ಅಭ್ಯಾಸ. “ಅಂಕಲ್, ಚುಕ್ಕೆ ಮೇಲೆ ಧ್ಯಾನ್ ಇಡಿ” ಎನ್ನುವರು. ಆಗಲಿ ಎಂದು ತಲೆಯಾಡಿಸುವೆ. ಚಿತ್ರದಲ್ಲಿ ನಾಳಗಳು ಕತ್ತರಿಸಿದ ದಾರದಂತೆ ತುಂಡುತುಂಡಾಗಿ ಬೀಳುವವು.

ಮೇಡಂ ಮೈಸೂರು ಕಡೆಯವರ ಮಗಳು, ದೆಹಲಿಯಲ್ಲೇ ಬೆಳೆದವರು. ಫೈಲಿನಲ್ಲಿ ನನ್ನ ಹೆಸರು ನೋಡಿದ್ದೇ ಕನ್ನಡಕ್ಕೆ ಇಳಿದಿದ್ದರು. “ಫಿರ್ ಸೇ ತಲೆ ಅಲ್ಲಾಡಿಸಿದ್ರಿ! ಸುಳ್ಳು ಚಿತ್ರ ನಾನು ಕೊಡಲ್ಲ, ಅಂಕಲ್.” ಬೇರೆಯವರಾಗಿದ್ದರೆ ಹೇಗೋ ಒಂದು ತೆಗೆದು ಸಾಗಹಾಕುತ್ತಿದ್ದರು. ಇವರು ನನ್ನನ್ನು ಘಾಜಿಯಾಬಾದಿನ ಮನೆಯಿಂದ ಮೂರು ಸಲ ಮೆಟ್ರೋ ಹತ್ತಿಸಿದರು.

ಮೂರನೆಯ ಸಲವೂ ಎಲ್ಲ ಹಾಳಾದಾಗ ನಾನು ಎದ್ದುನಿಂತೆ. “ನಿಮ್ಮ ಮಶೀನಿಗೆ ಪೂಜೆ ಮಾಡ್ಕೊಂಡು ಕೂತಿರಿ, ಮೇಡಂ. ನನಗೆ ಯಾವ ಚಿತ್ರವೂ ಬೇಡ.”

“ಐದೇ ನಿಮಿಷ ಕೂತ್ಕೊಳ್ಳಿ ಅಂಕಲ್. ಆಪರೇಷನ್‌ಗೆ ಮುಂಚಿನ ಈ ಚಿತ್ರ ಆಮೇಲೆ ಯಾರಿಗೂ ತೆಗೆಯೋಕಾಗಲ್ಲ.”

ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟುಬಿಟ್ಟೆ.

ಆಪರೇಷನ್ ಆಯಿತು, ಕಣ್ಣಿನ ಒತ್ತಡ ಇಳಿಯಿತು. ಆದರೆ ಎಡಗಣ್ಣಿನಲ್ಲಿ ಮೇಲುಗಡೆ ಒಂದು ಮಬ್ಬು. ಕೆಲವು ತಿಂಗಳ ಮೇಲೆ ಎರಡನೆಯ ಚಿತ್ರಕ್ಕೆ ಗದ್ದ ಊರಿ ಕೂತಿದ್ದಾಗ ಡಾಕ್ಟರೇ ಆ ಕೋಣೆಗೆ ಬಂದರು. ಈ ಮಬ್ಬು ಮೊದಲೇ ಇತ್ತೋ, ಆಪರೇಷನ್ನಿಂದ ಬಂತೋ ಎಂದು ಕೇಳಿದೆ. ಮೊದಲಿನ ಚಿತ್ರವಿದ್ದರೆ ಹೇಳಬಹುದಿತ್ತು ಎಂದು ಅವರು ಪರದೆಯಲ್ಲಿ ಹುಡುಕಿದರು. ಸಿಗದಿದ್ದಾಗ ಯಾಕೆ ತೆಗೆದಿಲ್ಲವೆಂದು ಮೇಡಂ ಮೇಲೆ ಹರಿಹಾಯ್ದರು.

ಮೇಡಂ ನನ್ನ ಕಡೆ ನೋಡಲೂ ಇಲ್ಲ. “ಉಸ್ ದಿನ್ ಮಶೀನ್ ಖರಾಬ್ ಥೀ, ಸರ್.” ಅವತ್ತು ಮಶೀನು ಕೆಟ್ಟಿತ್ತಂತೆ!

ಕಾಯುತ್ತಿದ್ದ ರೋಗಿಗಳ ಮುಂದೆಯೇ ಬೈಗುಳ ಬಿತ್ತು. ಡಾಕ್ಟರು ಹೋದ ಮೇಲೆ ಹೆಬ್ಬೆರಳು ಮತ್ತೆ ರೆಪ್ಪೆಯ ಮೇಲೆ ಬಂತು. ಒಂದೇ ಸಲಕ್ಕೆ ಚಿತ್ರ ಬಂತು. “ಅಚ್ಛಾ ಬಂದಿದೆ ಅಂಕಲ್, ಚಲೋ” ಎಂದು ಮುಂದಿನವರನ್ನು ಕರೆದರು.

ಕ್ಷಮೆ ಕೇಳಬೇಕೆಂದು ಮತ್ತೆ ಹೋದಾಗ ಅವರ ಕಾಂಟ್ರಾಕ್ಟ್ ಮುಗಿದಿತ್ತು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಅವರ ಜಾಗಕ್ಕೆ ಬಂದವರು ಚಿತ್ರವನ್ನು ಸರಿಯಾಗಿ ನೋಡದೆಯೇ “ಚಲೇಗಾ, ಇಷ್ಟು ಸಾಕು” ಎನ್ನುತ್ತಾರೆ. ಇನ್ನೊಮ್ಮೆ ತೆಗೆಯಿರಿ ಎಂದು ಈಗ ನಾನೇ ಜಗಳವಾಡುತ್ತೇನೆ.

ಆ ಮಬ್ಬು ಯಾವಾಗಿನದೆಂದು ಇನ್ನು ಯಾರೂ ಹೇಳಲಾರರು. ಅದನ್ನು ಹೇಗೋ ನುಂಗಿಕೊಂಡೇನು. ಆದರೆ ಅವತ್ತು ಡಾಕ್ಟರ ಮುಂದೆ, ತಪ್ಪು ಇವರದಲ್ಲ ಎಂದು ನಾನೊಮ್ಮೆ ತಲೆಯಾಡಿಸಿದ್ದರೂ ಸಾಕಿತ್ತು. ಅವತ್ತು ಮಾತ್ರ ಈ ತಲೆ ಕದಲಲಿಲ್ಲ.