ಒಂದೇ ಸಲ ಕೇಳುವ ಊರಿನಲ್ಲಿ ಥಾಯ್ ಊಟ

ನಮ್ಮ ಓಣಿಯವರು ಯಾರಾದರೂ ಬೆಂಗಳೂರಿಗೆ ಹೊರಟರೆ ಈಗ ನನ್ನನ್ನು ಕೇಳಿಯೇ ಹೋಗುತ್ತಾರೆ. ಒಳ್ಳೆಯ ಡಾಕ್ಟರ್ ಯಾರು ಎಂದಲ್ಲ, ಥಾಯ್ ಊಟ ಎಲ್ಲಿ ಮಾಡಬೇಕು ಎಂದು. ನಿನ್ನೆ ಎದುರುಮನೆ ಶಾಂತಕ್ಕ ಬಂದು, "ಕೊಟ್ಟೂರಾಗ ಥಾಯ್ ಉಂಡು ಬಂದಾಕಿ ನೀ ಒಬ್ಬಾಕಿನ. ಹೇಳಬೇ, ಎಲ್ಲಿ ಚಲೋ ಸಿಗತೈತಿ?" ಅಂದಳು. ಯೋಚಿಸಿ ಫೋನಿನಲ್ಲಿ ಬರೆದು ಕಳಿಸುತ್ತೇನೆ ಎಂದು ಗತ್ತಿನಿಂದ ಹೇಳಿ ಕಳಿಸಿದೆ. ಟೈಪ್ ಮಾಡಲು ಕಲಿತು ಇನ್ನೂ ಬಹಳ ದಿನ ಆಗಿಲ್ಲ. ಒಂದೇ ಬೆರಳಿನಲ್ಲಿ ಕೋಳಿ ಕಾಳು ಹೆಕ್ಕಿದ ಹಾಗೆ ಕುಟ್ಟುತ್ತೇನೆ. ಉತ್ತರ ಎರಡು ಸಾಲಿನದು ಅಂದುಕೊಂಡಿದ್ದೆ, ಅದು ಇಷ್ಟುದ್ದ ಆಯಿತು.

ನಿಜ ಹೇಳಿಬಿಡುತ್ತೇನೆ. ಬಣ್ಣಬಣ್ಣದ ತಟ್ಟೆಗಳ ಮುಂದೆ ಕೂತ ನನ್ನ ಫೋಟೊ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದವಳು ನಾನೇ. ಆದರೆ ಫೋಟೊ ತೆಗೆದ ಹೊತ್ತಿಗೆ ನನ್ನ ಹೊಟ್ಟೆಗೆ ಬಿದ್ದದ್ದು ನಾಲ್ಕು ತುತ್ತು ಮಾತ್ರ. ಹಸಿವಿನಿಂದ ಬಾಡಿದ ಆ ಮುಖ ನೋಡಿ ಓಣಿಯವರೆಲ್ಲ "ಎಷ್ಟು ಗಂಭೀರ ಕಾಣ್ತೀರಿ" ಎಂದು ಬರೆದರು.

ನಾನು ಹೋದದ್ದೂ ಉಣ್ಣಲಿಕ್ಕಲ್ಲ. ಮೊಮ್ಮಗಳು ಚೈತ್ರಾ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಂಡಿ, ಸೊಂಟ ಹಿಡಿದವರಿಗೆ ವ್ಯಾಯಾಮ ಹೇಳಿಕೊಡುತ್ತಾಳೆ. ಅಲ್ಲೇ ಎಕ್ಸ್‌ರೇ ತೆಗೆಯುವ ಸುಹಾಸ ಎಂಬ ಹುಡುಗನನ್ನು ಒಪ್ಪಿದ್ದಾಳೆ. ಹುಡುಗ, ಅವನ ತಾಯಿ ನಮ್ಮವರನ್ನು ಕಾಣಬೇಕು ಅಂದರು. ನನ್ನ ಮಗನದು ಬೀಜ-ಗೊಬ್ಬರದ ಅಂಗಡಿ, ಬಿತ್ತನೆ ಕಾಲ, ಬಿಟ್ಟು ಬರುವ ಹಾಗಿಲ್ಲ. "ಅವ್ವಾ, ನೀನ ನೋಡ್ಕೊಂಡು ಬಾ. ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ" ಎಂದು ಇಡೀ ಹುಡುಗಿಯ ಬಾಳನ್ನು ನನ್ನ ಚೀಲದಲ್ಲಿಟ್ಟು ಬಸ್ಸು ಹತ್ತಿಸಿದ. ಚೀಲದಲ್ಲಿ ಅದರ ಜೊತೆಗೆ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿಯೂ ಇತ್ತು.

ಎಲ್ಲಿ ಸೇರುವುದು ಎಂಬುದನ್ನು ಚೈತ್ರಾಳಿಗೇ ಬಿಟ್ಟಿದ್ದರು. ಹುಡುಗನ ತಾಯಿಗೆ ಥಾಯ್ ಊಟ ಅಂದರೆ ಇಷ್ಟವಂತೆ. ಅಜ್ಜಿಗೆ ಖಾರ ಇದ್ದರೆ ಸಾಕು, ಆದರೆ ಕೊರಳಲ್ಲಿ ಲಿಂಗವಿದೆ. ಆ ಅಡುಗೆಯಲ್ಲೋ, ಕಾಯಿಪಲ್ಲೆಗೂ ಮೀನಿನ ರಸ ಬೀಳುತ್ತದಂತೆ. ಪಾಪ, ಹುಡುಗಿ ಮಾಲಿನ ಮೇಲಿನ ಮಹಡಿಯದು, ದೊಡ್ಡ ಹೋಟೆಲಿನದು, ಹೆಸರು ಹೇಳಲು ಬಾರದ್ದು, ಎಲ್ಲದಕ್ಕೂ ಫೋನು ಹಚ್ಚಿ ಮೀನಿನ ರಸದ ವಿಚಾರಣೆ ನಡೆಸಿದಳು. ಕೊನೆಗೆ ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಮಾಂಸ-ಮೀನು ಒಳಗೇ ಬಾರದ ಒಂದು ಪುಟ್ಟ ಜಾಗ ಸಿಕ್ಕಿತು.

ಈಗ ಊಟ ಬಡಿಸುವ ಮೊದಲು ನಮ್ಮ ಕಡೆಯ ಒಂದು ಶಾಸ್ತ್ರ ಹೇಳಬೇಕು. ಇದು ಯಾವ ಪುರಾಣದಲ್ಲೂ ಇಲ್ಲ, ಆದರೆ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಮೀರಿದವರಿಲ್ಲ. ನಮ್ಮಲ್ಲಿ ಮೊದಲನೆಯ "ಬ್ಯಾಡ" ಮರ್ಯಾದೆಗೆ, ಎರಡನೆಯದು ಬಡಿಸುವವರ ಪ್ರೀತಿ ಅಳೆಯುವುದಕ್ಕೆ. ಹೊಟ್ಟೆ ಬಾಯಿ ಬಿಡುವುದು ಆಮೇಲೆ. ಬಾಯಿಯ ಮಾತನ್ನಂತೂ ಯಾರೂ ಕೇಳುವುದಿಲ್ಲ, ಕೈ ನೋಡುತ್ತಾರೆ. ಎಲೆಯ ಮೇಲೆ ಅಂಗೈ ಬಿಗಿಯಾಗಿ ಮುಚ್ಚಿದರೆ ನಿಜವಾಗಿ ಸಾಕು, ಬೆರಳುಗಳ ನಡುವೆ ಸಂದಿ ಬಿಟ್ಟರೆ ಬಡಿಸು ಎಂದರ್ಥ. ಹಗರಿಬೊಮ್ಮನಹಳ್ಳಿಯ ಒಂದು ಮದುವೆಯಲ್ಲಿ ನಮ್ಮ ಯಜಮಾನರು ಸಂದಿ ಬಿಟ್ಟು "ಒಲ್ಲೆ" ಅಂದರು. ಬಡಿಸುವವ ಸೀದಾ ಕೈಯ ಮೇಲೇ ತುಪ್ಪ ಸುರಿದ. ತುಪ್ಪ ಬೆರಳ ನಡುವೆ ಇಳಿದು ಹೋಳಿಗೆ ತೋಯಿಸಿತು. ಆ ಮರ್ಯಾದೆಯನ್ನು ಅವರು ಸಾಯುವ ತನಕ ನೆನೆದರು.

ಹೆಣ್ಣು ಕೊಡುವುದಕ್ಕೂ ಇದೇ ಶಾಸ್ತ್ರ. ನಾನು ಬಾಗಳಿಯವಳು. ಕೊಟ್ಟೂರಿನಿಂದ ನಮ್ಮ ಮಾವನವರು ಕೇಳಲು ಬಂದಾಗ ಅಪ್ಪ "ಹುಡುಗಿ ಸಣ್ಣಾಕಿ" ಅಂದ. ಮತ್ತೆ ಬಂದಾಗ "ನೋಡೋಣು" ಅಂದ. ಅಷ್ಟರಲ್ಲಿ ಒಳಗೆ ಅವ್ವ ಸೀರೆ ಆರಿಸಿಟ್ಟಿದ್ದಳು. ಕೇಳಿದ ಕೂಡಲೇ ಕೊಟ್ಟರೆ, ಹುಡುಗಿ ಮನೆಗೆ ಭಾರವಾಗಿದ್ದಳು ಅನ್ನುವುದಿಲ್ಲವೇ ಜನ?

ಸರಿ, ಹೋಟೆಲಿಗೆ ಬರೋಣ. ಮೊದಲು ಬಂದದ್ದು ಕಾಯಿಪಪ್ಪಾಯಿ. ಎಳೆಎಳೆಯಾಗಿ ಹೆರೆದು, ಶೇಂಗಾ, ಹಸಿಮೆಣಸಿನಕಾಯಿ, ಹುಳಿ, ಬೆಲ್ಲ ಹಾಕಿ ಕಲ್ಲಿನಲ್ಲಿ ಜಜ್ಜಿದ್ದು. ಮೆಣಸಿನಕಾಯಿ, ಶೇಂಗಾ ಎರಡೂ ನಮ್ಮವಲ್ಲ, ಹಡಗಿನಲ್ಲಿ ಬಂದವು ಎಂದು ಚೈತ್ರಾ ಹಿಂದೊಮ್ಮೆ ಹೇಳಿದಾಗ ನಾನು ಮುನಿಸಿಕೊಂಡಿದ್ದೆ. ಬಾಯಲ್ಲಿಟ್ಟಾಗ ಗೊತ್ತಾಯಿತು, ಅದೇ ಹಡಗು ಅವರ ಊರಿಗೂ ಹೋಗಿದೆ. ನಾಲಿಗೆ ಚುರುಗುಟ್ಟಿತು, ಕಣ್ಣಲ್ಲಿ ನೀರು ಬಂತು, ಪರದೇಶದಲ್ಲಿ ತವರಿನವರು ಸಿಕ್ಕಂತಾಯಿತು.

ನಾಲ್ಕು ತುತ್ತಿಗೆ ನನ್ನ ತಟ್ಟೆ ಖಾಲಿ. ಸುಹಾಸ ಚಮಚ ಎತ್ತಿಕೊಂಡು, "ಅಜ್ಜಿ, ಇನ್ನೊಂದು ಸ್ವಲ್ಪ ಹಾಕ್ಲಾ?" ಅಂದ.

"ಏ ಬ್ಯಾಡಪಾ, ಸಾಕು" ಅಂದೆ. ಬೆರಳ ನಡುವೆ ಎತ್ತಿನಬಂಡಿ ಹೋಗುವಷ್ಟು ಸಂದಿ ಬಿಟ್ಟು ತಟ್ಟೆಯ ಮೇಲೆ ಕೈ ಹಿಡಿದೆ.

"ಸರಿ ಅಜ್ಜಿ" ಎಂದು ಹುಡುಗ ಉಳಿದದ್ದನ್ನು ತನ್ನ ತಾಯಿಗೆ ಬಡಿಸಿದ.

ನಾನು ಕೈ ಹಿಡಿದೇ ಕೂತಿದ್ದೆ. ಮಾಣಿ ಬಂದು, ಕೈ ಕೆಳಗಿನ ತಟ್ಟೆಯನ್ನೂ ಎಳೆದುಕೊಂಡು ಹೋದ. ಆಮೇಲೆ ತೆಂಗಿನಹಾಲಿನ ಹಸಿರು ಸಾರು, ಅನ್ನ ಬಂತು. "ಹಾಕ್ಲಾ ಅಜ್ಜಿ?" ಅಂದ. ಎಪ್ಪತ್ತು ದಾಟಿದ ನಾಲಿಗೆ, ನನ್ನನ್ನು ಕೇಳದೆ "ಬ್ಯಾಡಪಾ" ಅಂದುಬಿಟ್ಟಿತು. "ಸರಿ ಅಜ್ಜಿ" ಅಂದ. ದಿನವಿಡೀ ಜನರ ಒಳಗಿನದನ್ನು ನೋಡುವವನಿಗೆ ನನ್ನ ಹೊಟ್ಟೆಯೊಳಗಿನದು ಕಾಣಲಿಲ್ಲ. ಚೈತ್ರಾ ಆಗಲೇ ಫೋಟೊ ತೆಗೆದದ್ದು.

"ನಿಮಗೆ ಇಲ್ಲಿನ ಊಟ ಸೇರಲಿಲ್ಲ ಅನ್ಸುತ್ತೆ" ಅಂದರು ಹುಡುಗನ ತಾಯಿ ಸುಮತಿ.

"ಇಲ್ರೀ, ಭಾಳ ಚಲೋ ಐತಿ. ಹೊಟ್ಟಿ ತುಂಬಿತ್ರಿ" ಅಂದೆ. ಹೊಟ್ಟೆ ಗುರ್ ಅಂತು. ಚೈತ್ರಾಳ ಮುಖ ಸಣ್ಣದಾಯಿತು. ಕೈ ತೊಳೆಸುವ ನೆಪದಲ್ಲಿ ನನ್ನನ್ನು ಎಬ್ಬಿಸಿಕೊಂಡು ಹೋದಳು.

"ಅಜ್ಜಿ, ನಿನಗ ಅಂವ ಹಿಡಿಸ್ಲಿಲ್ಲ, ಹೌದಿಲ್ಲೋ? ಅಂವ ಬಡಿಸಾಕ ಬಂದ್ರ ಒಂದ್ ತುತ್ತೂ ಹಾಕಿಸ್ಕೊಳ್ಳಿಲ್ಲ ನೀನು."

"ಇನ್ನೊಮ್ಮಿ ಎಲ್ಲಿ ಕೇಳಿದನಲೇ ಅಂವ? ಸಂದಿ ಬಿಟ್ಟು ಹಿಡಿದು ಹಿಡಿದು ನನ್ನ ಕೈ ಜೋಮು ಹಿಡಿತು."

ಅವಳು ನನ್ನನ್ನೇ ನೋಡಿದಳು. ನಗು ಬಂತು, ಹಿಂದೆಯೇ ಕಣ್ಣೂ ತುಂಬಿದವು. "ಅಜ್ಜಿ, ಅವರ ಮನ್ಯಾಗ ಹಂಗ ಒತ್ತಾಯ ಮಾಡಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ. ನಾನು ಏನಾರ ಒಲ್ಲೆ ಅಂದ್ರ ಅಂವ ಎರಡನೇ ಸಲ ಕೇಳಂಗಿಲ್ಲ, ಯಾಕ ಅಂತ ಮುಖ ಗಂಟು ಹಾಕಂಗಿಲ್ಲ. ಅದಕ್ಕ ನನಗ ಹಿಡಿಸ್ಯಾನ."

ನಳ ಹಾಗೇ ಸುರಿಯುತ್ತಿತ್ತು. ನಾನು ಯೋಚನೆಗೆ ಬಿದ್ದೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಬೇಕಾದಷ್ಟು ತುಪ್ಪ ಸುರಿದಿದ್ದಾರೆ. ಅಂಗೈ ಬಿಗಿಯಾಗಿ ಮುಚ್ಚಿ ನಿಜವಾಗಿಯೇ ಬೇಡ ಅಂದ ದಿನಗಳೂ ಇದ್ದವು. ಆಗಲೂ ಸುರಿದಿದ್ದಾರೆ. ನಾನು ಬ್ಯಾಡ ಅಂದದ್ದನ್ನು ಮೊದಲ ಸಲಕ್ಕೇ ಕೇಳಿಸಿಕೊಂಡವರು ಯಾರು ಎಂದು ನೆನಪು ಮಾಡಿಕೊಂಡೆ. ಈ ಪಪ್ಪಾಯಿಯ ಹುಡುಗ ಒಬ್ಬನೇ. ಅವನೂ, ಕೇಳಿಸಿಕೊಳ್ಳದಿರಲಿ ಎಂದು ನಾನು ಬಯಸಿದ ದಿನವೇ ಕೇಳಿಸಿಕೊಂಡ.

ಬಂದು ಕೂತ ಕೂಡಲೇ ಸುಮತಿಯವರು ನೇರವಾಗಿ ಕೇಳಿದರು. "ಮಕ್ಕಳು ಒಪ್ಪಿದಾರೆ. ನೀವು ಹೂಂ ಅಂದ್ರೆ ಊರಿಗೆ ಬಂದು ಮಾತಾಡ್ತೀವಿ. ಬೇಡ ಅಂದ್ರೆ ನಮಗೇನೂ ಬೇಜಾರಿಲ್ಲ, ಇಲ್ಲಿಗೇ ಬಿಡೋಣ."

ಬಾಗಳಿಯ ಅಪ್ಪ ನನ್ನ ಗಂಟಲಿಗೆ ಬಂದು ನಿಂತ. "ಹುಡುಗಿ ಸಣ್ಣಾಕಿ, ನೋಡೋಣು" ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅಷ್ಟು ಹೇಳಿ ಸುಮ್ಮನಿದ್ದರೆ ಇವರು "ಸರಿ" ಅನ್ನುತ್ತಾರೆ. ಮಾಣಿ ತಟ್ಟೆ ಎತ್ತಿದ ಹಾಗೆ ಸಂಬಂಧವನ್ನೇ ಎತ್ತಿಕೊಂಡು ಹೋಗುತ್ತಾರೆ. ಚೈತ್ರಾ ನೀರಿನ ಲೋಟ ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಹೂಂನ್ರಿ" ಅಂದೆ.

ಎಷ್ಟು ಬೇಗ ಮುಗಿದುಹೋಯಿತು ಅಂದರೆ ನನಗೇ ನಾಚಿಕೆಯಾಯಿತು. ಮದುವೆ ಮಾತು ಇಷ್ಟು ಚಿಕ್ಕದಾಗಿರಬಹುದು ಎಂದು ಗೊತ್ತಿರಲಿಲ್ಲ. ಹೂಂ ಅನ್ನುವ ರುಚಿ ಹತ್ತಿತು ನೋಡಿ, ತಡೆಯಲಾಗಲಿಲ್ಲ. "ತಮ್ಮಾ ಸುಹಾಸಾ, ಆ ಪಪ್ಪಾಯಿದ್ದು ಇನ್ನೊಂದು ಪ್ಲೇಟ್ ತರಿಸು. ಸಾರೂ ಬರ್ಲಿ" ಅಂದೆ. ಮಾಣಿ ಐಸ್‌ಕ್ರೀಮು ಬೇಕಾ ಅಂದಾಗಲೂ ಹೂಂ, ಪಾರ್ಸಲ್ ಬೇಕಾ ಅಂದಾಗಲೂ ಹೂಂ. ಮರುದಿನವೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಅದರ ಫೋಟೊ ಗುಂಪಿಗೆ ಹಾಕಲಿಲ್ಲ.

ಶಾಂತಕ್ಕಾ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಥಾಯ್ ಊಟ ಎಲ್ಲಿ ಬೇಕಾದರೂ ಮಾಡು, ಮೀನಿನ ರಸ ಒಂದು ವಿಚಾರಿಸಿಕೋ. ಆದರೆ ಅಲ್ಲಿ ಒಂದೇ ಸಲ ಕೇಳುತ್ತಾರೆ. ಬೇಕಿದ್ದರೆ ಬೇಕು ಅನ್ನು.

ಕಳೆದ ವಾರ ಬೀಗರು ಕೊಟ್ಟೂರಿಗೆ ಬಂದಿದ್ದರು. ಹೋಳಿಗೆ ಮಾಡಿದ್ದೆವು. ಯಾರಿಗೂ ಒತ್ತಾಯ ಮಾಡಕೂಡದು ಎಂದು ಮನೆಮಂದಿಗೆಲ್ಲ ಬೆಳಗಿನಿಂದ ತಾಕೀತು ಮಾಡಿದ್ದೆ. ತುಪ್ಪದ ಗಿಂಡಿ ಹಿಡಿದು ಸುಹಾಸನ ಮುಂದೆ ಬಗ್ಗಿದೆ. "ಸಾಕು ಅಜ್ಜಿ" ಅಂದ. ನನ್ನ ಕೈ ನಿಂತಿತು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಗಿಂಡಿ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಎಲೆಯ ಕಡೆ ನೋಡಿದೆ.

ಹುಡುಗ ಎಲೆಯ ಮೇಲೆ ಕೈ ಹಿಡಿದಿದ್ದ. ಬೆರಳುಗಳ ನಡುವೆ ಸಂದಿ ಬಿಟ್ಟಿದ್ದ. ಪಕ್ಕದಲ್ಲಿ ಚೈತ್ರಾ ತಲೆ ಬಗ್ಗಿಸಿ ನಗು ನುಂಗುತ್ತಿದ್ದಳು.

ಕೈಯ ಮೇಲೇ ಸುರಿದೆ.